ಅದು ‘ಗ’, ‘ರ’ ಅಲ್ಲ

ಬುಧವಾರ ಮಧ್ಯಾಹ್ನ,
ಅಂಗಡಿಯಿಂದ

ಅಕ್ಕನಿಗೆ,

‘ಪ್ರೀತಿಯ’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ಕರಡು ತಿದ್ದುವವಳಲ್ಲವೇ ನೀನು, ಪದ ಬಿಟ್ಟುಹೋಗಿದೆ ಎಂದು ಅಂಚಿನಲ್ಲಿ ಗುರುತು ಹಾಕಬೇಡ. ಬಿಟ್ಟುಹೋದದ್ದಲ್ಲ, ನಾನೇ ತೆಗೆದದ್ದು. ಕ್ಷೇಮ ಸಮಾಚಾರವನ್ನೂ ಕೇಳುವುದಿಲ್ಲ. ನಿನ್ನ ಕ್ಷೇಮವನ್ನು ನಿನ್ನೆ ಭಾವ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಮುಕ್ಕಾಲು ಗಂಟೆ ಹೇಳಿಹೋಗಿದ್ದಾರೆ.

ಅವರು ಕೊಟ್ಟ ಕವರು ಒಡೆದೆ. ಒಳಗೆ ನನ್ನದೇ ವೀಕ್ಷಣೆಯ ಫಾರ್ಮು, ಅದಕ್ಕೆ ಪಿನ್ನು ಚುಚ್ಚಿದ ಚೀಟಿಯಲ್ಲಿ ನಿನ್ನ ಎರಡು ಸಾಲು. ನಾನು ಗ ಅಂದರೆ ಗ ಅಂತೆ. ತಿದ್ದಿದ ವರದಿಗೆ ನಿನ್ನ ಹೆಸರು ಬೇಡವಂತೆ, ಬರೆಯುವ ಕೆಲಸ ಇನ್ನು ಮೇಲೆ ಬೇರೆಯವರು ಮಾಡಲಂತೆ. ಅಷ್ಟೇ. ಬೈಗುಳವೊಂದೂ ಇಲ್ಲ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಕನ್ನಡಕದ ಕಾಲು ಸರಿಮಾಡಿಸಲು ಬಂದವರೊಬ್ಬರು ಎದುರಿಗೇ ನಿಂತಿದ್ದರು. ಬಿಗಿ ಮಾಡಿದ ಸ್ಕ್ರೂ ತುಂಡಾಯಿತು. ಅದಕ್ಕೂ ನೀನೇ ಕಾರಣ.

ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ, ಆದರೆ ಈ ಸಲ ನನ್ನ ಕಡೆಯಿಂದ. ಭಾವನಿಗೂ ತಿಳಿಯುವ ಹಾಗೆ ಬಿಡಿಸಿ ಬರೆಯುತ್ತೇನೆ, ಹೇಗೂ ಅವರು ನಿನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಾರೆ.

ಆ ಎಂಟು ಇಂಚಿನ ಕನ್ನಡಿಯನ್ನು ನಾವಿಬ್ಬರೂ ಸೇರಿ ಉಜ್ಜಿದೆವು. ಹದಿನಾಲ್ಕು ತಿಂಗಳು, ತಗಡಿನ ಪೀಪಾಯಿಯ ಸುತ್ತ ಗಾಣದೆತ್ತಿನ ಹಾಗೆ ತಿರುಗುತ್ತಾ, ಗಾಜಿನ ಮೇಲೆ ಗಾಜು ತಿಕ್ಕಿದೆವು. ನಿನ್ನ ಕೈ ಸೋತಾಗ ನಾನು, ನನ್ನ ಕೈ ಸೋತಾಗ ನೀನು. ಅದು ಟೆಲಿಸ್ಕೋಪ್ ಆಗಿ ನಿಂತ ಮೇಲೆ ಶಾಲೆಯ ತಾರಸಿಯಲ್ಲೇ ಬೇರು ಬಿಡಬೇಕೆಂದು ನಮ್ಮ ಆಕಾಶ ವೀಕ್ಷಕರ ಸಂಘದವರು, ಬೀದಿಬೀದಿಗೆ ಹೋಗಿ ಜನಕ್ಕೆ ಆಕಾಶ ತೋರಿಸಬೇಕೆಂದು ನಾನು. ಮಹಾಸಭೆಯಲ್ಲಿ ನಲವತ್ತು ಜನರೆದುರು ನೀನು ಎದ್ದು, “ನನ್ನ ತಂಗಿಗೆ ಕಣ್ಣಿದೆ, ತಾಳ್ಮೆ ಇಲ್ಲ” ಅಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ನಾನು ಎದ್ದು ಹೊರಗೆ ನಡೆದೆ. ನನ್ನ ಹಿಂದೆ ಐದು ಜನ ಬಂದರು, ಲೇತ್ ಕೆಲಸದವನ ಜೇಬಿನಲ್ಲಿ ಟೆಲಿಸ್ಕೋಪಿನ ಮೂರೂ ಐಪೀಸ್ ಬಂದವು.

ಅಂದಿನಿಂದ ನೀವು ತಾರಸಿಯವರು. ನೀರಿನ ಟ್ಯಾಂಕಿನ ಕೆಳಗೆ ಸೇರುವ ನಾವು ಟ್ಯಾಂಕಿನವರು. ನಿಮ್ಮ ಹತ್ತಿರ ಕನ್ನಡಿ, ಕಣ್ಣಿಟ್ಟು ನೋಡುವ ಐಪೀಸ್ ಇಲ್ಲ. ನಮ್ಮ ಹತ್ತಿರ ಐಪೀಸ್, ಕನ್ನಡಿ ಇಲ್ಲ. ನೀವು ಬೇರೆ ತರಿಸಿಕೊಳ್ಳಬಹುದಿತ್ತು. ತರಿಸಲಿಲ್ಲ, ತರಿಸಿದರೆ ಸೋತ ಹಾಗಲ್ಲವೇ? ನಾವೂ ಕೊಡಬಹುದಿತ್ತು. ಕೊಡಲಿಲ್ಲ. ಮೂರು ವರ್ಷ ಆ ದೊಡ್ಡ ಟೆಲಿಸ್ಕೋಪ್ ಟಾರ್ಪಾಲು ಹೊದ್ದು ಮಲಗಿತು, ಎರಡೂ ಸಂಘದವರು ಸಣ್ಣಪುಟ್ಟ ಕೊಳವೆಗಳಲ್ಲಿ ಕಣ್ಣು ಕಿರಿದು ಮಾಡಿಕೊಂಡು ನೋಡಿದೆವು.

ಆಮೇಲೆ ಆ ಬಂಡೆ ಬಂತು. ಸೂರ್ಯನ ಸುತ್ತ ತಿರುಗುವ ಒಂದು ಪುಟ್ಟ ಕಲ್ಲು. ಹೆಸರಿಗೂ ಗತಿಯಿಲ್ಲದೆ ಬರೀ ಒಂದು ನಂಬರು ಹೊತ್ತ ಕ್ಷುದ್ರಗ್ರಹ. ಹೋದ ವಾರದ ಹಿಂದಿನ ಶನಿವಾರ ಸಂಜೆ ಏಳು ಇಪ್ಪತ್ತೆರಡಕ್ಕೆ ಅದು ಒಂದು ಮಂಕು ನಕ್ಷತ್ರದ ಮುಂದೆ ಹಾಯುವುದಿತ್ತು. ನಕ್ಷತ್ರ ಎರಡು ಸೆಕೆಂಡು ಆರಿ ಮತ್ತೆ ಹೊತ್ತಿಕೊಳ್ಳಬೇಕು. ಒಬ್ಬರೇ ನೋಡಿದರೆ ಹೆಚ್ಚೇನೂ ಗಿಟ್ಟದು. ಸಾಲಾಗಿ ಮೂರು ಕಡೆ ನಿಂತು ಎಲ್ಲೆಲ್ಲಿ ಎಷ್ಟು ಹೊತ್ತು ಆರಿತೆಂದು ಬರೆದಿಟ್ಟರೆ ಬಂಡೆಯ ಅಗಲ, ಆಕಾರ ಎಲ್ಲ ತಿಳಿಯುತ್ತದೆ. ಮೂರು ಕಡೆ ನಿಲ್ಲಲು ನಿಮ್ಮಲ್ಲೂ ಜನ ಸಾಲದು, ನಮ್ಮಲ್ಲೂ ಸಾಲದು. ಹಾಗಾಗಿ ಹಾವು ಮುಂಗುಸಿ ಒಂದೇ ಬುಟ್ಟಿಗೆ ಇಳಿದವು.

ಆ ತಯಾರಿಯ ಸಭೆ ನೆನಪಿದೆಯೇ? ನಿಮ್ಮ ಅಧ್ಯಕ್ಷರಾದ ಹಲ್ಲಿನ ಡಾಕ್ಟರ ದವಾಖಾನೆಯಲ್ಲಿ, ಕೆನ್ನೆ ಊದಿಕೊಂಡ ರೋಗಿಗಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಯಾರ ಗಡಿಯಾರ ಸರಿ ಎಂದು ಒಂದು ಗಂಟೆ ಕಚ್ಚಾಡಿದೆವು. ಅವರದು ನಮ್ಮದಕ್ಕಿಂತ ನಾಲ್ಕು ಸೆಕೆಂಡು ಮುಂದಿತ್ತು. ಕಡೆಗೆ ರೇಡಿಯೋದ ಸಮಯಕ್ಕೆ ಎರಡನ್ನೂ ಹೊಂದಿಸಿದವಳು ನೀನು. ಎರಡೂ ತಪ್ಪಾಗಿದ್ದವು. ಅದಾದ ಮೇಲೆ ನಡುವಿನ ಜಾಗ ಯಾರಿಗೆ ಎಂದು ಇನ್ನೊಂದು ಗಂಟೆ. ಉತ್ತರಕ್ಕೆ ನಿಮ್ಮ ತಾರಸಿ, ದಕ್ಷಿಣಕ್ಕೆ ಇಟ್ಟಿಗೆ ಭಟ್ಟಿ, ನಡುವೆ ಟ್ಯಾಂಕಿನ ಮೈದಾನ. ನಕ್ಷತ್ರ ಹೆಚ್ಚು ಹೊತ್ತು ಆರುವುದು ನಡುವೆಯೇ, ಹಾಗಾಗಿ ಅದು ಡಾಕ್ಟರಿಗೆ ಬೇಕಿತ್ತು. ನಾನು ಸಿಟ್ಟು ಮಾಡಿಕೊಂಡು ಮೆಟ್ಟಿಲಿಳಿದಿದ್ದೆ. ನನ್ನ ಬೆನ್ನ ಹಿಂದೆ ನೀನು, “ಅದನ್ನ ಅವಳಿಗೇ ಕೊಡಿ, ಅವಳ ಕಣ್ಣಿನಷ್ಟು ಚೂಪು ನಮ್ಮಲ್ಲಿ ಯಾರದ್ದೂ ಇಲ್ಲ” ಅಂದೆಯಂತೆ. ಲೇತ್‌ನವನು ಬಂದು ಹೇಳಿದ. ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಮೂರು ವರ್ಷದ ಹಿಂದಿನ ಮಾತಿಗೆ ಇದೇ ಮುಲಾಮು ಎಂದು ನೀನು ತಿಳಿದಿದ್ದರೆ, ಅಲ್ಲ.

ಆ ಸಂಜೆ ಆಕಾಶ ಒರೆಸಿಟ್ಟ ಗಾಜಿನಂತಿತ್ತು. ತಾರಸಿಯಲ್ಲಿ ಡಾಕ್ಟರಿಗೆ ನಕ್ಷತ್ರ ಆರಿತು, ಎರಡು ಸೆಕೆಂಡಿಗೆ ತುಸು ಕಡಿಮೆ. ಭಟ್ಟಿಯ ಬಳಿ ಲೇತ್‌ನವನಿಗೂ ಆರಿತು, ಹೆಚ್ಚುಕಡಿಮೆ ಅಷ್ಟೇ. ನನಗೆ ಆಗಲಿಲ್ಲ. ಮೋಡ ಅಡ್ಡ ಬಂತು. ಅದನ್ನೇ ಬರೆದುಕೊಟ್ಟೆ. ನೀನು ಗೆರೆ ಎಳೆದು ಮಾಡಿದ ಫಾರ್ಮಿನಲ್ಲಿ ‘ನಕ್ಷತ್ರ ಆರಿತೇ?’ ಎಂಬ ಕೊನೆಯ ಕಲಂ ಎರಡು ಬೆರಳಗಲವೂ ಇಲ್ಲ. ಅದರಲ್ಲಿ ಕಾರಣ ಬರೆಯಲು ಜಾಗವೆಲ್ಲಿದೆ? ಒಂದೇ ಪದ ಬರೆದೆ. ಆಗಲಿಲ್ಲ.

ನೀನು ಓದಿದ್ದು ಆರಲಿಲ್ಲ.

ಗ ಕೆಳಗೆ ತೆರೆದಿರುತ್ತದೆ, ರ ಮುಚ್ಚಿರುತ್ತದೆ, ಒಂದನೇ ತರಗತಿಯ ಪಾಠ. ಆಗಲಿಲ್ಲ ಎಂದರೆ ನನ್ನ ಕೈಲಾಗಲಿಲ್ಲ. ಆರಲಿಲ್ಲ ಎಂದರೆ ನಾನು ಕಣ್ಣಿಟ್ಟು ಕಾದೆ, ನಕ್ಷತ್ರ ಮಾತ್ರ ಉರಿಯುತ್ತಲೇ ಇತ್ತು. ಅತ್ತಲೂ ಆರಿ, ಇತ್ತಲೂ ಆರಿ, ನಡುವೆ ಮಾತ್ರ ಆರದಿದ್ದರೆ ಬಂಡೆ ಒಂದಲ್ಲ ಎರಡು, ಅವುಗಳ ನಡುವೆ ಖಾಲಿ ಎಂದರ್ಥ. ನೀನು ಸೋಮವಾರ ಗೆರೆ ಹಾಕಿ ನೋಡಿದೆ, ಮಂಗಳವಾರ ಡಾಕ್ಟರಿಗೆ ತೋರಿಸಿದೆ. ಅವರು ಬಾಯಿ ತೆರೆದು ಕೂತ ರೋಗಿಯನ್ನು ಹಾಗೇ ಬಿಟ್ಟು ಬೀದಿಗೆ ಓಡಿಬಂದರಂತೆ. ಜೋಡಿ ಬಂಡೆ! ಎರಡೂ ಸಂಘ ಸೇರಿ ಕಂಡುಹಿಡಿದ ಜೋಡಿ ಬಂಡೆ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಶುಕ್ರವಾರ ಕನ್ನಡಿ ತಾರಸಿಯಿಂದ ಇಳಿದು ಟ್ಯಾಂಕಿನ ಮೈದಾನಕ್ಕೆ ಬಂತು. ಲೇತ್‌ನವನು ಜೇಬಿನಿಂದ ಐಪೀಸ್ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ತಾನೇ ಸಿಕ್ಕಿಸಿದ. ಮೂರು ವರ್ಷದ ಮೇಲೆ ಅದರಲ್ಲಿ ಚಂದ್ರ ಕಂಡ. ಡಾಕ್ಟರು ಲೇತ್‌ನವನ ಹೆಗಲ ಮೇಲೆ ಕೈಹಾಕಿ ನಿಂತಿದ್ದರು. ನನ್ನ ಕೈ ಕುಲುಕಿ ಕುಲುಕಿ ಮಣಿಕಟ್ಟು ನೋಯುತ್ತಿತ್ತು, ನಡುವಿನವಳು ನಾನೇ ಅಲ್ಲವೇ. ನೀನು ಪಕ್ಕಕ್ಕೆ ಬಂದು ನಿಂತೆ. ನನ್ನ ತೋಳಿಗೆ ಅಂಟಿದ್ದ ದಾರದೆಳೆಯೊಂದನ್ನು ತೆಗೆದು ಕೆಳಗೆ ಹಾಕಿದೆ. ಮೂರು ವರ್ಷದಲ್ಲಿ ನೀನು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ತಪ್ಪು ಓದಿದ್ದಾರೆ ಎಂದು ಗೊತ್ತಿದ್ದರೆ ಅಷ್ಟು ದಿನ ಯಾಕೆ ಸುಮ್ಮನಿದ್ದಳು ಎಂದು ನಿಮ್ಮವರೆಲ್ಲ ಕೇಳುತ್ತಿದ್ದಾರಂತೆ. ಫಾರ್ಮು ಕೊಟ್ಟ ಮೇಲೆ ನನ್ನನ್ನು ಯಾರಾದರೂ ಒಂದು ಮಾತು ಕೇಳಿದರೇ? ಚಪ್ಪಾಳೆ ತಟ್ಟಿದರು, ಕೇಳಲಿಲ್ಲ. ಉತ್ತರ ಸಾಕಾಗದಿದ್ದರೆ ಬಿಡಲಿ.

ಭಾನುವಾರ ಸಭೆಯಲ್ಲಿ ನೀನು ವರದಿ ಓದಿ ಮುಗಿಸಿದೆ. ಎಲ್ಲರೂ ಸಹಿ ಹಾಕಿ ದೊಡ್ಡ ವೀಕ್ಷಣಾಲಯಕ್ಕೆ ಕಳಿಸುವುದೆಂದಾಯಿತು. ಡಾಕ್ಟರು ನನ್ನ ಕಡೆ ಪೆನ್ನು ಚಾಚಿದರು. ಆಗ ಎದ್ದುನಿಂತು ಹೇಳಿದೆ, ನಾನು ಬರೆದದ್ದು ಆಗಲಿಲ್ಲ ಎಂದು, ಓದಿದವರು ತಪ್ಪು ಓದಿದ್ದಾರೆ ಎಂದು. ಆಮೇಲಿನದು ನಿನಗೇ ಗೊತ್ತು. ಹೆಸರು ಬರಲಿ ಎಂದು ತಾರಸಿಯವರು ಬೇಕಂತಲೇ ತಿರುಚಿದ್ದಾರೆ ಎಂದು ಲೇತ್‌ನವನು ಕೂಗಿದ. ಟ್ಯಾಂಕಿನವರಿಗೆ ನೋಡೋಕೂ ಬರಲ್ಲ, ಬರೆಯೋಕೂ ಬರಲ್ಲ ಎಂದು ಡಾಕ್ಟರು. ಕತ್ತಲಾಗುವ ಮೊದಲೇ ಕನ್ನಡಿ ತಾರಸಿ ಹತ್ತಿತು, ಐಪೀಸ್ ಜೇಬು ಸೇರಿತು.

ಆ ಗಲಾಟೆಯಲ್ಲಿ ನೀನು ಕನ್ನಡಕ ಹಾಕಿಕೊಂಡು ಫಾರ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಹಳ ಹೊತ್ತು ಹಿಡಿದೆ. ನನ್ನ ಮುಖ ಒಮ್ಮೆ ನೋಡಿದೆ. ಆಮೇಲೆ ಮೆತ್ತಗೆ, “ಗ ಥರಾನೂ ಕಾಣುತ್ತೆ. ನಾನೇ ತಪ್ಪು ಓದಿರಬೇಕು” ಅಂದೆ.

ನನಗೆ ಸಿಟ್ಟು ಬಂದಿರುವುದು ಇದಕ್ಕೆ. ಕಾಣುತ್ತೆ ಅಂದರೇನು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಲು ನೀನೇನು ರಾಜಕಾರಣಿಯೇ? ಇಪ್ಪತ್ತಾರು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳಿಗೆ ಅಕ್ಷರ ಇರುತ್ತದೆ, ಇಲ್ಲವೇ ಇರುವುದಿಲ್ಲ. ನನಗೆ ಅಕ್ಷರ ಕಲಿಸಿದವಳೇ ನೀನು. ಸ್ಲೇಟಿನ ಮೇಲೆ ನನ್ನ ಕೈ ಹಿಡಿದು, ಇದರ ಹೊಟ್ಟೆ ಮುಚ್ಚು, ಇದರದ್ದು ತೆರೆದಿಡು ಎಂದು ತಿದ್ದಿಸಿದವಳು. ಹಾಗಿದ್ದ ಮೇಲೆ ಅಷ್ಟು ಜನರೆದುರು ಯಾಕೆ ಜಗಳ ಆಡಲಿಲ್ಲ? ನನ್ನ ಬರಹ ಕಾಗೆಕಾಲು ಗುಬ್ಬಿಕಾಲು ಎಂದು ಹಂಗಿಸಬಹುದಿತ್ತು. ಫಾರ್ಮನ್ನು ಎಲ್ಲರ ಕೈಗೂ ಕೊಟ್ಟು ನೀವೇ ನೋಡಿ ಎನ್ನಬಹುದಿತ್ತು. ನೀನು ತಲೆ ತಗ್ಗಿಸಿದೆ. ಚಿಕ್ಕಂದಿನಿಂದಲೂ ನಿನ್ನದು ಇದೇ ಚಾಳಿ. ಅಪ್ಪನ ಥರ್ಮಾಸ್ ಒಡೆದವಳು ನಾನು, ಒಡೆದೆ ಎಂದು ಮುಂದೆ ಹೋಗಿ ನಿಂತವಳು ನೀನು. ಏಟು ನಿನಗೆ ಬಿತ್ತು, ಅದರ ಉರಿ ಇಷ್ಟು ವರ್ಷ ನನಗೆ. ಯಾರು ಕೇಳಿದ್ದರು ನಿನ್ನ ಉಪಕಾರ?

ಭಾವ ಹೇಳಿದ್ದನ್ನೂ ಬರೆದುಬಿಡುತ್ತೇನೆ, ನೀನು ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದೆಯಂತೆ. ಸುದ್ದಿ ಪ್ರೆಸ್ಸಿನ ಮಾಲೀಕರವರೆಗೂ ಹೋಗಿದೆ. ಅವರು ನಗುನಗುತ್ತಲೇ, “ಏನಮ್ಮಾ, ನೀವು ನೋಡಿದ್ದನ್ನ ಇನ್ಮೇಲೆ ಇನ್ನೊಬ್ಬರ ಕೈಲಿ ನೋಡಿಸ್ಬೇಕೋ ಹೆಂಗೆ” ಅಂದರಂತೆ. ಈಗ ನೀನು ಪುಟಗಳನ್ನು ಮನೆಗೆ ಹೊತ್ತು ತಂದು, ಭಾವನ ಕೈಲಿ ಗಟ್ಟಿಯಾಗಿ ಓದಿಸಿಕೊಂಡು, ಒಂದೊಂದು ಸಾಲಿನ ಮೇಲೂ ಎರಡೆರಡು ಸಲ ಬೆರಳಾಡಿಸುತ್ತೀಯಂತೆ. ಅಷ್ಟಾದರೂ ಕೆಳಗೆ ಸಹಿ ಹಾಕಲು ಕೈ ಬರುವುದಿಲ್ಲವಂತೆ. “ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆ ಕಣಮ್ಮಾ ನಾನು, ನಿಮ್ಮಿಬ್ಬರಲ್ಲಿ ಯಾರಾದ್ರೂ ಒಬ್ರು ಸೋತ್ಬಿಡಿ” ಎಂದು ಭಾವ ಗೋಗರೆದರು. ಹೊರಡುವಾಗ ಬಾಗಿಲಲ್ಲಿ ನಿಂತು, “ಅವಳ ಕಣ್ಣು ನಿಜವಾಗ್ಲೂ ಮಂಜಾಗಿದ್ಯೋ ಏನೋ, ನೀನೇ ಒಂದ್ಸಲ ಟೆಸ್ಟ್ ಮಾಡಿ ನೋಡಮ್ಮಾ” ಅಂದರು. ಅವರ ಮುಖಕ್ಕೆ ಬಾಗಿಲು ಹಾಕಿದೆ. ನನ್ನ ಪರವಾಗಿ ಅವರಿಗೆ ಎರಡು ಒಳ್ಳೆಯ ಮಾತು ಹೇಳು.

ನೋಡು, ನನ್ನ ತಪ್ಪು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆ ಸಂಜೆಗೆಂದೇ ಹೊಸ ಟೆಲಿಸ್ಕೋಪ್ ತಂದವಳು ನಾನು, ಅದನ್ನು ತಿರುಗಿಸುವ ಬ್ಯಾಟರಿ ಸರಿಯಾದ ಹೊತ್ತಿಗೇ ಕೈಕೊಟ್ಟಿದ್ದು ನನ್ನ ಅಜಾಗರೂಕತೆ. ಅದಕ್ಕೇ ನೋಡಲು ಆಗಲಿಲ್ಲ. ಆದರೆ ಅದಕ್ಕೆ ನೀನು ಬರೆಯುವ ಕೆಲಸ ಬಿಡಬೇಕೇ? ವರದಿಯಿಂದ ಹೆಸರು ತೆಗೆಸಬೇಕೇ? ನಾಳಿದ್ದು ಶುಕ್ರವಾರ ಸಂಜೆ ಕೊನೆಯ ಸಭೆ, ತಿದ್ದಿದ ವರದಿ ಅಂದೇ ಹೊರಡಬೇಕು. ನೀನು ಬರಬೇಕು. ಬಂದು ನನ್ನೊಡನೆ ಜಗಳ ಆಡಬೇಕು. ಅದು ರ ಎಂದು ಮೇಜು ಕುಟ್ಟಿ ಹೇಳಬೇಕು. ಆಗಲಾದರೂ ನನಗೆ ಉಸಿರಾಡಲು ಆದೀತು. ಸುಮ್ಮನೆ ಸೋತು ಕೂತವಳ ಜೊತೆ ಗೆಲ್ಲುವುದು ಹೇಗೆ ಅಕ್ಕಾ?

ಇತಿ,
ಎಷ್ಟು ಸಿಡಿದರೂ ನಿನ್ನ ಬಾಣಲೆಗೇ ಬಂದು ಬೀಳುವ,
ಸಾಸಿವೆ

ತಾ. ಕ.: ಗುರುವಾರ ಬೆಳಿಗ್ಗೆ. ಮೊದಲು ಮೋಡ ಎಂದಿದ್ದೇನೆ, ಆಮೇಲೆ ಬ್ಯಾಟರಿ ಎಂದಿದ್ದೇನೆ. ಎರಡರ ಕೆಳಗೂ ನೀನು ಇಷ್ಟರಲ್ಲಿ ಗೆರೆ ಎಳೆದಿರುತ್ತೀಯ. ಮೋಡವೂ ಇರಲಿಲ್ಲ, ಬ್ಯಾಟರಿಯೂ ಮುಗಿದಿರಲಿಲ್ಲ. ಫಾರ್ಮಿನಲ್ಲಿ ಇದ್ದದ್ದು ರ. ನಾನು ಬರೆದದ್ದೇ ರ. ನೀನು ಸರಿಯಾಗಿ ಓದಿದೆ.

ಆ ಸಂಜೆ ಹನ್ನೊಂದು ನಿಮಿಷ ಕಣ್ಣು ತೆಗೆಯದೆ ಒಂದು ನಕ್ಷತ್ರ ನೋಡಿದೆ, ಅದು ಆರಲಿಲ್ಲ. ಆರಬೇಕಾದ ನಕ್ಷತ್ರವೇ ಅದಲ್ಲ. ಹೊಸ ಟೆಲಿಸ್ಕೋಪಿನಲ್ಲಿ ಕತ್ತು ನೋಯದಿರಲೆಂದು ಓರೆಯಾಗಿ ಒಂದು ಪುಟ್ಟ ಕನ್ನಡಿ ಇದೆ, ಅದು ಎಡವನ್ನು ಬಲ ಮಾಡುತ್ತದೆ. ನಕಾಶೆಯಲ್ಲಿ ಮೂರು ಚುಕ್ಕಿಗಳ ಎಡಕ್ಕಿದ್ದದ್ದನ್ನು ನಾನು ಎಡಕ್ಕೇ ಹುಡುಕಿ ಹಿಡಿದೆ. ಅಂಗಡಿ ಚಿಕ್ಕದೆಂದು ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯನ್ನು ಗಿರಾಕಿಯ ಬೆನ್ನ ಹಿಂದೆ ತಿರುವುಮುರುವಾಗಿ ತೂಗುಹಾಕಿ, ಎದುರಿನ ಕನ್ನಡಿಯಲ್ಲಿ ಓದಿಸುವವಳು ನಾನು! ಜೋಡಿ ಬಂಡೆಯನ್ನು ಒಂದು ವಾರ ನಾನೂ ನಂಬಿದ್ದೆ. ಶುಕ್ರವಾರ ನಮ್ಮ ಕನ್ನಡಿಯಲ್ಲಿ ಚಂದ್ರನನ್ನು ನೋಡಿದೆನಲ್ಲ, ಶನಿವಾರ ಹೊಸದರಲ್ಲಿ ನೋಡಿದರೆ ಅದರ ಕಲೆಗಳೆಲ್ಲ ಅದಲುಬದಲು. ಆಗ ಗೊತ್ತಾಯಿತು. ಸುಳ್ಳು ವರದಿ ಹೋಗಲು ಬಿಡಲಾರೆ, ನಿಜ ಹೇಳಲು ನಾಲಿಗೆ ಏಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನಿನ್ನ ಕಣ್ಣು ಡೊಂಕು ಅಂದೆ.

ನಿನ್ನೆ ಈ ಪತ್ರ ಮುಗಿಸಿ, ರ ಅಕ್ಷರದ ಹೊಟ್ಟೆಯನ್ನು ಬ್ಲೇಡಿನಿಂದ ಕೆರೆದು ಗ ಮಾಡಲು ನೋಡಿದೆ. ಕಾಗದ ತೂತಾಯಿತು. ತೂತಿನ ಸಮೇತ ಫಾರ್ಮನ್ನು ಇದರೊಳಗಿಟ್ಟಿದ್ದೇನೆ.

ಭಾನುವಾರ ನೀನು ತಲೆ ತಗ್ಗಿಸಿದ್ದು ನನ್ನನ್ನು ಕಾಪಾಡಲೋ, ಇಲ್ಲ ನಿಜಕ್ಕೂ ನಿನ್ನ ಕಣ್ಣಿನ ಮೇಲೆ ನಿನಗೆ ನಂಬಿಕೆ ಹೋಯಿತೋ, ರಾತ್ರಿಯೆಲ್ಲ ಯೋಚಿಸಿದರೂ ತಿಳಿಯಲಿಲ್ಲ. ಮೊದಲನೆಯದಾದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಎರಡನೆಯದಾದರೆ, ಅಕ್ಕಾ, ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಪುಟಗಳಿಗೆ ಸಹಿ ಹಾಕು.

ಮೇಲಿನದನ್ನೆಲ್ಲ ಹರಿದು ಹೊಸದಾಗಿ ಬರೆಯೋಣ ಎಂದುಕೊಂಡೆ. ಬರೆದರೆ ಮತ್ತೆ ಚೆಂದ ಮಾಡಿಬಿಡುತ್ತೇನೆ. ಶುಕ್ರವಾರದ ಸಭೆಯಲ್ಲಿ ಇದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದು, ಡಾಕ್ಟರಿಗೂ ಲೇತ್‌ನವನಿಗೂ ಕೇಳುವ ಹಾಗೆ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ಒಂದಕ್ಷರವನ್ನೂ ತಿದ್ದಬೇಡ.